ಅಂಕಿತ: ಆರಿಸಿಕೊಳ್ಳುವ ಹೆಸರೋ, ಪಡೆಯುವ ಹೆಸರೋ?

ಕಳೆದ ಧನುರ್ಮಾಸದಲ್ಲಿ ಒಂದು ದಿನ, ಪ್ರಾತಃಕಾಲದ ಪೂಜೆ ಮುಗಿದು ಹುಗ್ಗಿಯ ವಿನಿಯೋಗ ನಡೆಯುತ್ತಿದ್ದಾಗ, ನಮ್ಮ ಭಜನಾಮಂಡಳಿಯ ಹಿರಿಯ ತಾಯಿಯೊಬ್ಬರು ಹಳೆಯ ನೋಟುಪುಸ್ತಕವೊಂದನ್ನು ನಮ್ಮ ಕೈಗಿತ್ತರು. ಅದರಲ್ಲಿ 43 ಪದಗಳಿದ್ದವು. ಎಲ್ಲವೂ ‘ಪುರಂದರವಿಠಲ’ ಎಂಬ ಅಂಕಿತದಿಂದಲೇ ಮುಗಿಯುತ್ತಿದ್ದವು. ಆದರೆ ಅವುಗಳಲ್ಲಿ ಒಂದನ್ನಾದರೂ ನಾವು ಹಿಂದೆ ಕೇಳಿರಲಿಲ್ಲ. ಯಾವ ಗ್ರಂಥದಿಂದ ಬರೆದುಕೊಂಡಿರಿ ಎಂದು ಕೇಳಲು, ಆಕೆ ಸೆರಗಿನ ಅಂಚನ್ನು ತಿರುವುತ್ತ, “ನಾನೇ ಕಟ್ಟಿದ್ದಪ್ಪಾ. ದೇವರನಾಮ ಅಂದಮೇಲೆ ಕೊನೆಗೆ ಹಾಗೇ ಬರಬೇಕಲ್ಲ?” ಎಂದರು.

ವಿಷಯವು ಅಷ್ಟಕ್ಕೇ ನಿಂತಿರಲಿಲ್ಲ. ಹಿಂದಿನ ವರ್ಷದ ಪುರಂದರದಾಸರ ಆರಾಧನೆಯ ಸ್ಪರ್ಧೆಯಲ್ಲಿ ಆಕೆಯ ಮೊಮ್ಮಗಳು ಅವುಗಳಲ್ಲೊಂದನ್ನು ಹಾಡಿ, ದಾಸರ ಅಪರೂಪದ ಕೃತಿಯೆಂಬ ಪ್ರಶಂಸೆಯೊಡನೆ ಬಹುಮಾನವನ್ನೂ ಪಡೆದಿದ್ದಳು. ಅಂದಿನಿಂದ ಆ ತಾಯಿಗೆ ನಿದ್ರೆಯಿಲ್ಲ. “ದಾಸರ ಹೆಸರನ್ನು ಕದ್ದ ಹಾಗಾಯಿತೇನೋ. ನನಗೆ ಬೇರೆ ಒಂದು ಅಂಕಿತ ಆರಿಸಿಕೊಡು” ಎಂಬುದು ಆಕೆಯ ಬೇಡಿಕೆ. ಈ ಲೇಖನವು ಆ ಬೇಡಿಕೆಯಿಂದಲೇ ಹುಟ್ಟಿದುದು.

ಅಂಕಿತವೆಂದರೆ ಗುರುತು, ಮುದ್ರೆ. ಪದದ ಕೊನೆಯ ನುಡಿಯಲ್ಲಿ ಬರುವ ಈ ಮುದ್ರೆಯಿಂದ ಕರ್ತೃವನ್ನು ಗುರುತಿಸುತ್ತೇವೆಂಬುದು ನಿಜ. ಆದರೆ ಅದು ಕರ್ತೃವಿನ ಹೆಸರಲ್ಲವೆಂಬುದನ್ನು ನಾವು ಬಹುಬೇಗ ಮರೆಯುತ್ತೇವೆ. ಹೆಸರು ಭಗವಂತನದು. ಶಂಖಚಕ್ರಗಳ ಮುದ್ರೆಯನ್ನು ಧರಿಸಿದವನು ತಾನು ಯಾರ ಸೇವಕನೆಂಬುದನ್ನು ಹೇಗೆ ತೋರಿಸುವನೋ, ಹಾಗೆಯೇ ಈ ಪದ ಯಾರಿಗೆ ಸೇರಿದುದೆಂಬುದನ್ನು ಅಂಕಿತವು ತೋರಿಸುತ್ತದೆ. ಇಷ್ಟದೈವದ ಹೆಸರಿನಿಂದ ವಚನವನ್ನು ಮುಗಿಸುವ ಪದ್ಧತಿಯು 12ನೆಯ ಶತಮಾನದ ಶರಣರಲ್ಲಿಯೂ ಇದ್ದಿತು. ಬಸವಣ್ಣನವರ ‘ಕೂಡಲಸಂಗಮದೇವ’ನನ್ನು ಅರಿಯದ ಕನ್ನಡಿಗರಿಲ್ಲ.

ನಮ್ಮ ಯತಿಗಳ ಅಂಕಿತಗಳು ಅವರವರ ಉಪಾಸನೆಯನ್ನು ಹೇಳುತ್ತವೆ. ಮುಳಬಾಗಿಲಿನ ಶ್ರೀಪಾದರಾಜರದು ‘ರಂಗವಿಠಲ’, ಶ್ರೀ ವ್ಯಾಸರಾಜರದು ‘ಸಿರಿಕೃಷ್ಣ’, ಸೋದೆಯ ಶ್ರೀ ವಾದಿರಾಜರದು ‘ಹಯವದನ’. ಕನಕದಾಸರಂತೂ ಊರನ್ನೂ ದೇವರನ್ನೂ ಒಟ್ಟಿಗೇ ಹಿಡಿದು ‘ಕಾಗಿನೆಲೆಯಾದಿಕೇಶವ’ ಎಂದರು. ಮುಂದೆ ದಾಸಕೂಟದಲ್ಲಿ ಅಂಕಿತವನ್ನು ಗುರುಮುಖದಿಂದ ಪಡೆಯುವುದು ಸಂಪ್ರದಾಯವಾಯಿತು. ಪುರಂದರದಾಸರಿಗೆ ಶ್ರೀ ವ್ಯಾಸರಾಜರಿಂದ ದೊರೆಯಿತು. ಅವರು ಹರಿಪುರವನ್ನು ಸೇರಿದುದು 1564ರಲ್ಲಿ. ಸುಮಾರು ನೂರಿಪ್ಪತ್ತು ವರ್ಷಗಳ ಅನಂತರ ಜನಿಸಿದ ಚೀಕಲಪರವಿಯ ದಾಸಪ್ಪನವರಿಗೆ (1682–1755) ಅವರೇ ಸ್ವಪ್ನದಲ್ಲಿ ‘ವಿಜಯವಿಠಲ’ನೆಂಬ ಅಂಕಿತವನ್ನಿತ್ತರೆಂದು ಸಂಪ್ರದಾಯವು ಹೇಳುತ್ತದೆ. ನೋಡಿ, ಸ್ವಪ್ನದಲ್ಲಿ ಬಂದ ಗುರುಗಳೂ ತಮ್ಮ ಅಂಕಿತವನ್ನೇ ಬಳಸು ಎನ್ನಲಿಲ್ಲ, ಬೇರೊಂದನ್ನು ಕೊಟ್ಟರು! ಆ ತಾಯಿಗೆ ನಾವು ಮೊದಲು ಹೇಳಿದ್ದು ಇದನ್ನೇ.

ಈ ವಿಷಯದಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ಹಿಡಿದಿರುವುದು ಮೊಸರಕಲ್ಲಿನ ಭಾಗಣ್ಣನವರ ವೃತ್ತಾಂತ. ಅವರು ವಿಜಯದಾಸರನ್ನು ಕಾಣುವುದಕ್ಕೆ ಮೊದಲೇ ಪದಗಳನ್ನು ರಚಿಸುತ್ತಿದ್ದರು. ‘ವೆಂಕಟಕೃಷ್ಣ’ ಎಂಬುದು ಅವುಗಳ ಮುದ್ರೆ. ಜನ ಅವರನ್ನು ಅರಿತಿದ್ದರು, ಗೌರವಿಸುತ್ತಿದ್ದರು. ಹೆಸರು ನೆಲೆಗೊಂಡ ಮೇಲೆ ಅದನ್ನು ಬದಲಿಸುವುದು ಬರೆಯುವವನಿಗೆ ಎಷ್ಟು ಕಷ್ಟವೆಂಬುದನ್ನು ಬರೆದವರೇ ಬಲ್ಲರು. ಹಿಂದಿನ ರಚನೆಗಳೆಲ್ಲ ಬೇರೊಬ್ಬರವೆಂಬಂತೆ ದೂರ ನಿಲ್ಲುತ್ತವೆ. ಆದರೂ ವಿಜಯದಾಸರು ‘ಗೋಪಾಲವಿಠಲ’ ಎಂಬ ಅಂಕಿತವನ್ನು ಅನುಗ್ರಹಿಸಿದಾಗ ಭಾಗಣ್ಣನವರು ಹಳೆಯದನ್ನು ಬಿಟ್ಟು ಹೊಸದನ್ನು ಶಿರಸಾ ವಹಿಸಿದರು. ಇಂದು ಲೋಕವು ಅವರನ್ನು ಗೋಪಾಲದಾಸರೆಂದೇ ಬಲ್ಲದು. ಅವರ ತಮ್ಮಂದಿರ ಅಂಕಿತಗಳು ವರದಗೋಪಾಲವಿಠಲ, ಗುರುಗೋಪಾಲವಿಠಲ, ತಂದೆಗೋಪಾಲವಿಠಲ. ಒಂದೇ ಮನೆಯ ದೀಪದಿಂದ ಹಚ್ಚಿದ ದೀಪಗಳಂತೆ!

ಗೋಪಾಲದಾಸರ ಶಿಷ್ಯರಾದ ಮಾನವಿಯ ಶ್ರೀನಿವಾಸಾಚಾರ್ಯರದು ಇನ್ನೊಂದು ಬಗೆ. ಅವರು ಸಂಸ್ಕೃತದಲ್ಲಿ ಮಹಾಪಂಡಿತರು. ಕನ್ನಡದ ಪದಗಳಲ್ಲಿ ಆದರವಿಲ್ಲದವರು. ವಿಜಯದಾಸರು ಪ್ರಸಾದಕ್ಕೆ ಆಹ್ವಾನಿಸಿದಾಗ ಉದರಶೂಲೆಯ ನೆಪ ಹೇಳಿ ತಪ್ಪಿಸಿಕೊಂಡರು; ನೆಪವೇ ವ್ಯಾಧಿಯಾಯಿತು. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅನಂತರ ಗುರುಗಳ ಆಜ್ಞೆಯಂತೆ ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಮುಳುಗಿದಾಗ, ‘ಜಗನ್ನಾಥವಿಠಲ’ ಎಂದು ಕೆತ್ತಿದ ಶಿಲೆಯೊಂದು ಅವರಿಗೆ ದೊರಕಿತೆನ್ನುತ್ತಾರೆ. ‘ಹರಿಕಥಾಮೃತಸಾರ’ದಂತಹ ಗ್ರಂಥವನ್ನು ಕೊಟ್ಟ ಜಗನ್ನಾಥದಾಸರು (1728–1809) ತಮ್ಮ ಪಾಂಡಿತ್ಯದ ಬಲದಿಂದ ಎಷ್ಟು ಸುಂದರವಾದ ಹೆಸರನ್ನಾದರೂ ಕಟ್ಟಿಕೊಳ್ಳಬಹುದಾಗಿತ್ತಲ್ಲವೆ? ಅವರು ನೀರಿನಲ್ಲಿ ಮುಳುಗಬೇಕಾಯಿತು.

ಸ್ತ್ರೀಯರಿಗೆ ಇದರಲ್ಲಿ ಅಧಿಕಾರವುಂಟೇ ಎಂದು ಆ ತಾಯಿ ಸಂಕೋಚದಿಂದ ಕೇಳಿದರು. ಗೋಪಾಲದಾಸರ ಅನುಗ್ರಹಕ್ಕೆ ಪಾತ್ರರಾದ ಗಿರಿಯಮ್ಮನವರು ‘ಹೆಳವನಕಟ್ಟೆ ರಂಗ’ನ ಹೆಸರಿನಲ್ಲಿಯೂ, ಹರಪನಹಳ್ಳಿಯ ಭೀಮವ್ವನವರು (1822–1903) ‘ಭೀಮೇಶಕೃಷ್ಣ’ನ ಹೆಸರಿನಲ್ಲಿಯೂ ಹಾಡಿರುವಾಗ ಈ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿ ರಚನೆಗೆ ಸಂಬಂಧಿಸಿದ ಒಂದು ಮಾತನ್ನೂ ಹೇಳಬೇಕು. ‘ಹಯವದನ’ ಐದೂ ಲಘುಗಳು, ಐದು ಮಾತ್ರೆ. ‘ಸಿರಿಕೃಷ್ಣ’ವೂ ಐದು ಮಾತ್ರೆಯೇ, ಆದರೆ ನಡುವೆ ಒಂದು ಗುರು. ‘ವಿಜಯವಿಠಲ’ ಮೂರು ಮೂರರಂತೆ ಆರು, ‘ಪುರಂದರವಿಠಲ’ ಎಂಟು. ‘ಕಾಗಿನೆಲೆಯಾದಿಕೇಶವ’ನಿಗೆ ಹನ್ನೆರಡು ಬೇಕು; ಸಾಲಿನ ಬಹುಭಾಗವನ್ನು ಆತನಿಗೇ ಬಿಟ್ಟುಕೊಡಬೇಕು. ಆದುದರಿಂದ ಒಂದು ಅಂಕಿತವನ್ನು ಅಳಿಸಿ ಅಲ್ಲಿ ಇನ್ನೊಂದನ್ನು ಕೂರಿಸುವುದು ಸುಲಭವಲ್ಲ. ಪಾಡಿಕೊಳ್ಳುವವರು ತಿಳಿಯದೆ ಹಾಗೆ ಮಾಡಿದ ಕಡೆಗಳಲ್ಲಿ ತಾಳ ಎಡವುತ್ತದೆ. ಸಂಶೋಧಕರಿಗೆ ಅದೇ ಸುಳಿವಾಗುತ್ತದೆ. ಆ ತಾಯಿಯ 43 ಪದಗಳೂ ಎಂಟು ಮಾತ್ರೆಯ ಅಚ್ಚಿನಲ್ಲಿಯೇ ಎರಕಗೊಂಡಿದ್ದವು. ಈಗ ಹೊಸ ಹೆಸರು ಬಂದರೆ ಕೊನೆಯ ಸಾಲುಗಳನ್ನೆಲ್ಲ ಬಿಚ್ಚಿ ಕಟ್ಟಬೇಕು.

ಆಧುನಿಕ ಸಾಹಿತಿಗಳ ಕಾವ್ಯನಾಮದ ದಾರಿ ಬೇರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ರಾದರು, ವೆಂಕಟೇಶನ ಇನ್ನೊಂದು ಹೆಸರೇ ಅದು. ದ. ರಾ. ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟು ‘ಅಂಬಿಕಾತನಯದತ್ತ’ರಾದರು. ಇವು ಸ್ವಂತ ಆಯ್ಕೆಗಳು, ಸುಂದರವಾದ ಆಯ್ಕೆಗಳು. ಕಥೆ ಕವಿತೆಗಳನ್ನು ಬರೆಯುವ ನಮ್ಮ ತರುಣರು ಹಾಗೆ ಆರಿಸಿಕೊಳ್ಳುವುದರಲ್ಲಿ ದೋಷವೇನೂ ಕಾಣದು. ನಂದಳಿಕೆ ಲಕ್ಷ್ಮೀನಾರಾಯಣರು (1870–1901), ಅಂದರೆ ಮುದ್ದಣನು, ತನ್ನ ‘ಶ್ರೀರಾಮಾಶ್ವಮೇಧ’ವನ್ನು ಪ್ರಾಚೀನ ಕವಿಯ ಕೃತಿಯೆಂಬಂತೆ ಪ್ರಕಟಣೆಗೆ ಕಳುಹಿಸಿದನಲ್ಲ, ನಮ್ಮ ಭಜನಾಮಂಡಳಿಯ ತಾಯಿಯೂ ಆತನ ಸಾಲಿನವರೇ ಎಂದು ನಮಗೆ ನಗೆಯೂ ಬಂದಿತು. ಆದರೆ ದೇವರನಾಮದ ಮಾತು ಬಂದಾಗ ನಗೆ ನಿಲ್ಲುತ್ತದೆ.

ಏಕೆಂದರೆ ನಮ್ಮದೂ ಒಂದು ನೋಟುಪುಸ್ತಕವಿದೆ. ಪಾಠಶಾಲೆಯನ್ನು ಮುಗಿಸಿ ಬಿ.ಎ. ಓದುತ್ತಿದ್ದ ಕಾಲದಲ್ಲಿ ನಾವು ಕೆಲವು ಪದಗಳನ್ನು ಬರೆದು ‘ಕಮಲಾಕಾಂತ’ ಎಂದು ಮುದ್ರೆಯಿಟ್ಟಿದ್ದೆವು. ಒಂದು ಏಕಾದಶಿಯ ರಾತ್ರಿ ತಂದೆಯವರಿಗೆ ಓದಿ ಹೇಳಿದೆವು. ಅವರು ಪೂರ್ತಿ ಕೇಳಿ, “ಈ ಹೆಸರು ಯಾರು ಕೊಟ್ಟರು?” ಎಂದರು. “ಯಾರೂ ಇಲ್ಲ ಅಪ್ಪಾ, ನಾನೇ ಆರಿಸಿಕೊಂಡೆ. ಪ್ರಾಸಕ್ಕೆ ಒದಗುತ್ತದೆ” ಎಂದೆವು. “ಹಾಗಾದರೆ ದೇವರ ಹೆಸರಿನಲ್ಲಿ ನಿನ್ನ ರುಜುವನ್ನೇ ಹಾಕಿದ್ದೀಯೆ” ಎಂದು ಅವರು ಪಂಚಾಂಗವನ್ನು ತೆಗೆದುಕೊಂಡು ಪಾರಣೆಯ ಸಮಯವನ್ನು ನೋಡತೊಡಗಿದರು. ಪದಗಳು ಚೆನ್ನಾಗಿವೆಯೆಂದಾಗಲಿ ಇಲ್ಲವೆಂದಾಗಲಿ ಇಂದಿನವರೆಗೂ ಹೇಳಿಲ್ಲ. ನಾವು ಕೇಳಿಯೂ ಇಲ್ಲ.

ಇದನ್ನೆಲ್ಲ ಆ ತಾಯಿಗೆ ತಿಳಿಸಿ, ಅಂಕಿತವನ್ನು ಆರಿಸಿಕೊಡುವ ಅಧಿಕಾರ ನಮಗಿಲ್ಲವೆಂದೂ, ಸ್ವಾಮಿಗಳವರು ಊರಿಗೆ ಚಿತ್ತೈಸಿದಾಗ ಮುದ್ರಾಧಾರಣೆಯ ದಿನ ವಿಜ್ಞಾಪಿಸಿಕೊಳ್ಳಬಹುದೆಂದೂ ಹೇಳಿದೆವು. ಮೊಮ್ಮಗಳ ಬಹುಮಾನದ ವಿಷಯವನ್ನು ಏನು ಮಾಡುವುದೆಂದು ಮಾತ್ರ ನಮಗೂ ತೋಚಲಿಲ್ಲ. ಆಕೆಗೆ ತೋಚಿತು. ಮರುದಿನವೇ ಹೋಗಿ ಸ್ಪರ್ಧೆಯವರಿಗೆ ನಿಜವನ್ನು ಹೇಳಿ, ಬಹುಮಾನದ ಬೆಳ್ಳಿಯ ಕುಂಕುಮದ ಬಟ್ಟಲನ್ನು ಹಿಂದಿರುಗಿಸಿ ಬಂದರು. ಮೊಮ್ಮಗಳು ಎರಡು ದಿನ ಮಾತನಾಡಲಿಲ್ಲವಂತೆ.

ಈಗ ನೋಟುಪುಸ್ತಕದ 43 ಪದಗಳಲ್ಲಿಯೂ ಅಂಕಿತವಿದ್ದ ಕಡೆ ರಬ್ಬರಿನಿಂದ ಉಜ್ಜಿದ ಗುರುತು ಮಾತ್ರ ಇದೆ. ಶನಿವಾರದ ಭಜನೆಯಲ್ಲಿ ಆಕೆ ಒಂದೊಂದು ಪದವನ್ನು ಹಾಡುತ್ತಾರೆ. ಕೊನೆಯ ಸಾಲಿನಲ್ಲಿ ಆ ಎಂಟು ಮಾತ್ರೆಗಳು ಬಂದಾಗ ಬಾಯಿ ಮುಚ್ಚಿ ತಾಳವನ್ನಷ್ಟೇ ಹಾಕುತ್ತಾರೆ.