ಮೊಬೈಲಿನ್ಯಾಗಿನ ಜಂಪರ, ಹೊನವಾಡದ ಮೈ

ತಂಗಿ, ಹೊನವಾಡದಾಗ ಮನಿ ಪಡಸಾಲ್ಯಾಗ ಮಷೀನ ಇಟ್ಟು ಹೊಲಿಗಿ ಅಂಗಡಿ ಚಾಲೂ ಮಾಡತೇನಿ ಅಂದಿ. ಛಲೋ ಆತು. ಕಟೋರಿ ಕಟ್ಟು, ಪ್ರಿನ್ಸೆಸ್ ಕಟ್ಟು, ಅಸ್ತರ ಹಚ್ಚೂದು, ಫಾಲು, ಪಿಕೋ ಎಲ್ಲಾ ನಿನಗ ಬರತೈತಿ. ಕತ್ತರಿ ವಿಷಯದಾಗ ನಾ ಹೇಳಿಕೊಡೂದು ಏನೂ ಉಳದಿಲ್ಲ. ಗಿರಾಕಿ ಮೊಬೈಲ್ ತಗದು ನಿನ್ನ ಮುಂದ ಹಿಡದು, "ಅಕ್ಕಾ, ಸೀರಿಯಲ್‌ನಾಗ ಈಕಿ ಹಾಕ್ಯಾಳಲ್ಲ, ಥೇಟ್ ಹಂಥಾದ್ದ ಹೊಲದ ಕೊಡು" ಅಂತಾಳ ನೋಡು, ಆ ಹೊತ್ತಿನ ಬಗ್ಗೆ ಎರಡು ಮಾತು ಹೇಳಬೇಕು ಅನಸೇತಿ. ಇನ್ನ ಮುಂದ ನಿನ್ನ ಅಂಗಡಿಗೆ ಬರೂ ಹರೇದ ಹುಡುಗ್ಯಾರು ಭಾಳ ಮಂದಿ ಹಂಗ ಬರತಾರ.

ಆ ಫೋಟೋದಾಗಿನ ಜಂಪರ ಯಾರ ಸಲುವಾಗಿ ಹೊಲದದ್ದು ಅನ್ನೂದನ್ನ ಮೊದಲ ತಿಳಕೋ. ಕತಿ ಬರದಾಂವ ಮನಸಿನ್ಯಾಗ ಹುಟ್ಟಿಸಿದ ಒಬ್ಬಾಕಿ ಸ್ವಭಾವಕ್ಕ ಅಳತಿ ತಗದು ಹೊಲದದ್ದು ಅದು. ಸೀರಿಯಲ್‌ನಾಗ ಬಾಗಿಲಾ ತಗದು ಒಬ್ಬಾಕಿ ಒಳಗ ಬಂದ್ರ, ಅಕಿ ಬಾಯಿ ಬಿಡೂಕ್ಕಿಂತ ಮೊದಲ ಈಕಿ ಸಿಟ್ಟಿನಾಕಿನೋ, ಪಾಪದಾಕಿನೋ, ಡೌಲಿನಾಕಿನೋ ಅಂತ ಗೊತ್ತಾಗಬೇಕು. ಅಡಗಿಮನ್ಯಾಗ ರೊಟ್ಟಿ ಬಡಕೋತ ಅರ್ಧಾ ಕಣ್ಣಿಲೆ ಟೀವಿ ನೋಡಾಕಿಗೂ ಗೊತ್ತಾಗಬೇಕು. ಆ ಕೆಲಸಾ ಅರಿವಿ ಮಾಡತೈತಿ. ನಗಸೂ ಧಾರಾವಾಹಿ ಒಳಗಂತೂ ಇದು ಇನ್ನೂ ಹೆಚ್ಚು. ಅಲ್ಲಿ ಜಿಪುಣ ವರ್ಷಗಟ್ಟಲೆ ಜಿಪುಣನ ಆಗಿರತಾನ, ಹೆದರಪುಕ್ಕ ಹೆದರಪುಕ್ಕನ. ಮನಷ್ಯಾ ಬದಲಾಗೂದಿಲ್ಲ, ಅಂದ ಮ್ಯಾಲ ಅಂವನ ಅಂಗೀನೂ ಬದಲಾಗೂದಿಲ್ಲ.

'ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ' ಅನ್ನೂ ಹಿಂದಿ ಧಾರಾವಾಹಿ ನೆನಪ ಮಾಡಕೋ. 2008ರಾಗ ಚಾಲೂ ಆದದ್ದು. ನಮ್ಮ ಮನಿ ಹುಡುಗೂರು ಹಿಂದಿ ಕಲತದ್ದು ಸಾಲ್ಯಾಗ ಕಮ್ಮಿ, ಅದರಾಗ ಹೆಚ್ಚು. ಅಂಗಡಿ ಮಾಲಕ ಜೇಠಾಲಾಲ್‌ಗ ದಿನಾ ಒಂದ ಹೊಸಾ ತ್ರಾಸು, ಆದ್ರ ಅಂಗಿ ಮಾತ್ರ ಯಾವಾಗಲೂ ಹಬ್ಬದ್ದು, ಝಗಝಗ ಬಣ್ಣದ್ದು. ಅವರಪ್ಪ ಚಂಪಕಲಾಲ್‌ಗ ಧೋತರ, ಟೊಪಗಿ. ಪೇಪರಿನ ವರದಿಗಾರ ಪೋಪಟಲಾಲನ ಕಡೆ ಮಳಿ ಇರಲಿ ಬಿಡಲಿ ಛತ್ರಿ. ಜೇಠಾಲಾಲನ ಹೆಂಡತಿ ದಯಾ ಗುಜರಾತಿ ಪದ್ಧತಿಲೆ ಸೆರಗ ಮುಂದ ತಗೋತಿದ್ಲು. ಮಾರಿ ಮುಚ್ಚಿ ಬರೇ ಅರಿವಿ ತೋರಿಸಿದ್ರೂ ಯಾರು ಯಾರಂತ ಸಣ್ಣ ಹುಡುಗ ಹೇಳತಾನ. ಜೇಠಾಲಾಲನಂಥಾ ಅಂಗಿ ಬೇಕು ಅಂತ ಹೆಸರ ಹಿಡದು ಕೇಳೂ ಗಂಡಸರು ಅದಾರ. ಆ ಮನಷ್ಯಾನ ಮ್ಯಾಲ ಹುಟ್ಟಿದ ಪ್ರೀತಿ ಅದು, ಅರಿವೀದು ಆಮ್ಯಾಲ.

ಅರಿವಿ ಹಿಂಗ ಸ್ವಭಾವ ಹೇಳೂದನ್ನ ನಮ್ಮ ಕನ್ನಡದಾಗ ತಿಳಿಬೇಕಂದ್ರ ಅಪರ್ಣಾ ಅವರನ್ನ ನೋಡಬೇಕು. ದೂರದರ್ಶನದಾಗ, ಸರಕಾರಿ ಸಮಾರಂಭದಾಗ ನಿರೂಪಣಾ ಮಾಡತಿದ್ರು. ಬೆಂಗಳೂರ ಮೆಟ್ರೋದಾಗ ಮುಂದಿನ ನಿಲ್ದಾಣ ಹೇಳೂ ಕನ್ನಡದ ಧ್ವನಿ ಅವರದ. ವೇದಿಕಿ ಮ್ಯಾಲ ಮೈತುಂಬ ಸೆರಗು, ಹದವಾದ ಬಣ್ಣ, ಒಂದೊಂದ ಅಕ್ಷರಾನೂ ಸ್ವಚ್ಛ. ಅದ ಹೆಣ್ಣಮಗಳು 'ಮಜಾ ಟಾಕೀಸ್' ಅನ್ನೂ ನಗಸೂ ಕಾರ್ಯಕ್ರಮದಾಗ ವರಲಕ್ಷ್ಮಿ ಆಗಿ ಬಂದ್ರಂದ್ರ ಝಗಮಗ ಸೀರಿ, ಕೊಳ್ಳತುಂಬ ಸರಾ, ತನ್ನನ್ನ ತಾನ ಹೊಗಳಕೊಳ್ಳೂ ಠೀವಿ. ಸೀರಿ ಎರಡೂ ಕಡೆ ಸೀರೀನ, ಆದ್ರ ಉಟ್ಟಾಕಿ ಬ್ಯಾರೆ ಆಗತಿದ್ಲು. 2024ರ ಜುಲೈದಾಗ ಅವರು ತೀರಿಕೊಂಡ ಸುದ್ದಿ ಬಂದಾಗ ನನಗ ಭಾಳ ಸಂಕಟಾತು. ವರಲಕ್ಷ್ಮಿ ಡೌಲನ್ನ ವರಲಕ್ಷ್ಮಿ ಮೈಮ್ಯಾಲನ ಬಿಟ್ಟು, ವೇದಿಕಿಗೆ ಅಪರ್ಣಾ ಆಗಿ ಬರತಿದ್ರು ಅವರು. ನಿನ್ನ ಗಿರಾಕಿಗೆ ಹಂಗ ಎರಡ ಜಲ್ಮ ಇರೂದಿಲ್ಲವಾ. ತಮ್ಮನ ಲಗ್ನಕ್ಕ ಹೊಲಿಸಿದ ಜಂಪರನ್ನ ನಾಳೆ ಬ್ಯಾಂಕಿಗೂ ಹಾಕ್ಕೊಂಡ ಹೋಗಬೇಕು, ಮಗನ ಸಾಲಿಗೂ ಹಾಕ್ಕೊಂಡ ಹೋಗಬೇಕು.

ಅದಕ್ಕ ಫೋಟೋ ನೋಡಿದ ಮ್ಯಾಲ, ಟೇಪು ಹಿಡಿಯೂಕ್ಕಿಂತ ಮೊದಲ ಕೇಳು: ಎಲ್ಲಿಗೆ ಹಾಕ್ಕೋತೀ? ಎಷ್ಟೊತ್ತು ಹಾಕ್ಕೊಂಡಿರತೀ? ಆ ಹೊತ್ತಿನ್ಯಾಗ ಕೈಯಾಗ ಕೂಸು ಇರತೈತೋ, ಕೊಡ ಇರತೈತೋ? ನಟಿ ಮೈಗೆ ಜಂಪರ ಅಚ್ಚು ಹೊಯ್ದಂಗ ಕುಂತಿರತೈತಲ್ಲ, ಕ್ಯಾಮರಾಕ್ಕ ಕಾಣದ ಹಿಂದಿನ ಕಡೆ ಪಿನ್ನು ಚುಚ್ಚಿ ಬಿಗಿ ಮಾಡಿರತಾರ. ಶಾಟ್ ಮುಗಿದ್ರ ಪಿನ್ನು ತಗಿತಾರ. ನಮ್ಮ ಕಡೆ ಏಪ್ರಿಲ್, ಮೇದಾಗ ಬಿಸಲು ನಾಲ್ವತ್ತ ಡಿಗ್ರಿ ದಾಟತೈತಿ. ಆ ಬಿಸಲಾಗ ಅಸ್ತರ ಹಚ್ಚಿದ ಬಿಗೀ ಜಂಪರ, ಮ್ಯಾಲ ನೆಟ್ಟಿನ ತೋಳು ಹಾಕ್ಕೊಂಡು ಲಗ್ನದ ಮನ್ಯಾಗ ಮುಂಜಾನಿಂದ ಸಂಜೀತನಾ ಓಡಾಡಾಕಿ ಪಾಡ ಏನಾಗಬೇಕು? ಕೊಳ್ಳಿನ ಆಕಾರ ಫೋಟೋದಾಗಿದ್ದಂಗ ಇಡು, ಕಂಕಳಾಗ ಉಸರಾಡೂವಷ್ಟು ಜಾಗಾ ಬಿಡು, ಒಳಗ ಎರಡ ಬಟ್ಟ ಹೊಲಿಗಿ ಬಿಟ್ಟಿರು. ವರ್ಷದ ಮ್ಯಾಲ ಬಿಚ್ಚಾಕ ಬರತೈತಿ.

ಇನ್ನೊಂದ ಮಾತು, ಇದು ನನ್ನ ಮನಸಿನ್ಯಾಗ ಭಾಳ ದಿನದಿಂದ ಕುಂತೈತಿ. ಟೀವಿ ಅರಿವಿಲೆ ಸ್ವಭಾವ ತೋರಸೂದರ ಜೋಡಿ ತೀರ್ಪೂ ಕೊಡತೈತಿ. 2001ರಾಗ ಚಾಲೂ ಆದ 'ಕಸೌಟಿ ಜಿಂದಗೀ ಕೀ' ಅನ್ನೂ ಹಿಂದಿ ಧಾರಾವಾಹಿ ಒಳಗಿನ ಕೋಮೋಲಿಕಾಳ ಬಿಂದಿ ದೇಶದ ತುಂಬ ಹೆಣ್ಣಮಕ್ಕಳ ಹಣಿ ಮ್ಯಾಲ ಬಂತು. ಅಕಿ ಮನಿ ಮುರಿಯಾಕಿ. ಮನಿ ಮುರಿಯಾಕಿಗೇ ಛಂದ ಅರಿವಿ, ಛಂದ ಬಿಂದಿ. ಒಳ್ಳೆಯಾಕಿಗೆ ಸಾದಾ ಸೀರಿ, ಅಳು. ಸಿಂಗಾರ ಮಾಡಿಕೊಂಡಾಕಿ ಕೆಟ್ಟಾಕಿ ಅನ್ನೂ ಮಾತನ್ನ ಯಾರೂ ಬಾಯಿಲೆ ಹೇಳಲಿಲ್ಲ, ಆದ್ರ ದಿನಾ ರಾತ್ರಿ ತೋರಿಸಿದ್ರು. ಸಾದಾ ಸೀರಿ ಉಟ್ಟಾಕಿಗೆ ಸೋಲದ ಗಟ್ಟಿತನಾ ಕೊಟ್ಟದ್ದನ್ನ ನಾ ಕಂಡದ್ದು 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಒಳಗ. ಉಮಾಶ್ರೀ ಅವರ ಪುಟ್ಟಕ್ಕ ಮೆಸ್ ನಡಸತಾಳ, ದುಡದು ಮಕ್ಕಳನ್ನ ಬೆಳಸತಾಳ. ಅಕಿ ಸೀರಿ ನೋಡಿದ್ರ ನಮ್ಮ ಓಣಿ ಹೆಣ್ಣಮಗಳು ಕಂಡಂಗ ಆಗತಿತ್ತು.

ಆದ್ರ ನಮ್ಮ ಇಳಕಲ್ ಸೀರಿ ಉಟ್ಟಾಕಿ ಟೀವ್ಯಾಗ ಬಂದ್ಲಂದ್ರ, ಹೆಚ್ಚಾಗಿ ಅಕಿ ನಗಸಾಕ ಬಂದಿರತಾಳ. ಪಟಗಾ ಸುತ್ತಿದ ಮುದಕ ಬಂದ್ರೂ ಅಷ್ಟ. 2020ರಾಗ 'ಗಿಣಿರಾಮ' ಧಾರಾವಾಹಿ ನಮ್ಮ ಕಡೆ ಮಾತು ಹಿಡಕೊಂಡು ಬಂದಾಗ ಖುಷಿ ಆತು, ಆದ್ರ ಅಂಥಾವು ಕಮ್ಮಿ. ನೋಡಿ ನೋಡಿ ನಮ್ಮ ಹುಡುಗ್ಯಾರು ಅವ್ವನ ಇಳಕಲ್ ಸೀರಿ ಟ್ರಂಕಿನ ತಳಕ್ಕ ಹಾಕ್ಯಾರ. ಆ ಸೀರಿ ಏನ ಸಣ್ಣದೇನವಾ? ಮೈ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎಳಿಗೆ ಎಳಿ ಕೊಂಡಿ ಹಾಕಿ ಕೂಡಸತಾರ. ಗೋಮಿ, ಚಿಕ್ಕಿ ಪರಾಸ, ಗಾಡಿ ಅಂತ ದಡಿಗೆ ಒಂದೊಂದ ಹೆಸರು. ಯಾವುದಾರ ಹುಡುಗಿ ಗುಳೇದಗುಡ್ಡದ ಖಣ ತಗೊಂಡು ಸಂಕೋಚ ಮಾಡಕೋತ ನಿನ್ನ ಕಡೆ ಬಂದ್ಲಂದ್ರ, ಅಕಿನ್ನ ಕುಂದರಿಸಿ ನೀರು ಕೊಟ್ಟು ಮಾತಾಡು. ಖಣದ ಪನ್ನಾ ಸಣ್ಣದು, ಕತ್ತರಿ ಹಾಕೂ ಮುಂದ ಲಕ್ಷ್ಯ ಇರಲಿ. ದಡಿ ತೋಳಿನ ಅಂಚಿಗೆ ಬರಲಿ. ಬೋಟ್ ನೆಕ್ ಬೇಕಂದ್ರ ಬೋಟ್ ನೆಕ್ ಹೊಲಿ, ಬಫ್ ತೋಳು ಬೇಕಂದ್ರ ಬಫ್ ತೋಳು. ಅದು ನಾಟಕದ ಅರಿವಿ ಆಗಬಾರದು, ಅಕಿ ಕಾಲೇಜಿಗೆ ಹಾಕ್ಕೊಂಡ ಹೋಗೂವಂಗ ಆಗಬೇಕು. ನೀನೂ ಅಂಗಡಿಗೆ ಬಂದಾಕಿ ಉಟ್ಟದ್ದನ್ನ ನೋಡಿ ಇಂಥಾಕಿ, ಅಂಥಾಕಿ ಅಂತ ಅಳಿಬ್ಯಾಡ. ಟೀವಿ ಮಾಡೂ ತಪ್ಪು ಟೇಲರ್ ಮಾಡಬಾರದು.

ಗಿರಾಕಿ ಮಾತು ಕೇಳೂ ಬಗ್ಗೆ ಇನ್ನೊಂದು. ಅಮೆರಿಕಾದಾಗ 'ಸೈನ್‌ಫೆಲ್ಡ್' ಅಂತ ಒಂದ ನಗಸೂ ಧಾರಾವಾಹಿ ಇತ್ತು. 1993ರ ಒಂದ ಕಂತಿನ್ಯಾಗ ಅರಿವಿ ವಿನ್ಯಾಸ ಮಾಡೂ ಒಬ್ಬಾಕಿ ಭಾಳ ಸಣ್ಣ ಧ್ವನಿಲೆ ಏನೋ ಕೇಳತಾಳ. ಕತಿ ನಾಯಕ ಜೆರ್ರಿಗೆ ಕೇಳಸೂದಿಲ್ಲ, ಮರ್ಯಾದಿಗೆ ಹೂಂ ಅಂತಾನ. ಅಕಿ ಹೊಲದ ಉಬ್ಬಿದ ತೋಳಿನ, ಝಾಲರದ ಅಂಗಿ ತೊಟ್ಟು ಟೀವಿ ಕಾರ್ಯಕ್ರಮದಾಗ ಕುಂದರಾಕ ಒಪ್ಪಿಕೊಂಡೇನಿ ಅಂತ ಆಮ್ಯಾಲ ಗೊತ್ತಾಗತೈತಿ. ಜಗತ್ತೆಲ್ಲಾ ನಗತೈತಿ. ಆ ಅಂಗಿ ಈಗ ಸ್ಮಿತ್‌ಸೋನಿಯನ್ ಮ್ಯೂಜಿಯಮ್ಮಿನ್ಯಾಗ ಐತಿ. ಹೂಂ ಅನ್ನೂಕ್ಕಿಂತ ಮೊದಲ ಗಿರಾಕಿ ಮಾತನ್ನ ಪೂರಾ ಕೇಳಸಕೋ, ವಹಿ ಒಳಗ ಬರಕೋ, ಓದಿ ತೋರಸು. ನಮ್ಮ ಹೆಣ್ಣಮಕ್ಕಳು ಅತ್ತಿ ಜೋಡಿ ಬಂದಾಗ ಸಣ್ಣ ಧ್ವನಿಲೇ ಮಾತಾಡತಾರ. ಅಕಿ ಒಬ್ಬಾಕಿನ್ನ ಅಳತಿ ತಗೊಳ್ಳಾಕ ಒಳಗ ಕರಕೊಂಡು, ನಿನಗ ಏನ ಬೇಕವಾ ಅಂತ ಇನ್ನೊಮ್ಮೆ ಕೇಳು.

ಕಡೀಕ ಒಂದು. ತಿಕೋಟಾ ಭಾಗದ ದ್ರಾಕ್ಷಿ ತ್ವಾಟದಾಗ ದುಡಿಯೂ ಹೆಣ್ಣಮಕ್ಕಳನ್ನ ನೋಡೀದಿ. ಸೀರಿ ಮ್ಯಾಲ ಗಂಡನ ಹಳೇ ಫುಲ್ ತೋಳಿನ ಅಂಗಿ ಹಾಕ್ಕೊಂಡು, ತಲಿಗೆ ಟಾವೆಲ್ ಸುತ್ತಿಕೊಂಡು ಚಾಟ್ನಿ, ಅಂದ್ರ ಬಳ್ಳಿ ಸವರೂ ಕೆಲಸಾ ಮಾಡತಾರ. ಆ ಅಂಗಿ ಯಾವ ಸೀರಿಯಲ್‌ನಾಗೂ ಬರೂದಿಲ್ಲ, ಯಾರೂ ಅವರ ಮೈ ಅಳತಿಗೆ ಹೊಲದೂ ಕೊಟ್ಟಿಲ್ಲ. ಭುಜ ಇಳೇ ಬಿದ್ದಿರತೈತಿ, ತೋಳು ಮ್ಯಾಲಿಂದ ಮ್ಯಾಲ ಮಡಚಬೇಕು. ನೀ ಹೊಲಿ. ಕಾಟನ್ನು, ಫುಲ್ ತೋಳು, ಮುಂಗೈಗೆ ಗುಂಡಿ, ಕೈ ಮ್ಯಾಲ ಎತ್ತಿದ್ರ ಹರಿಯದಂಗ ಕಂಕಳಾಗ ಒಂದ ಪಟ್ಟಿ, ಮೊಬೈಲ್ ಬೀಳದಂಥಾ ಆಳದ ಕಿಸೆ. ಬಣ್ಣಾ ಅವರನ್ನ ಕೇಳು, ಅವರಿಗೂ ಇಷ್ಟದ ಬಣ್ಣ ಇರತಾವ. ಕಲಿ ಕಾಣಬಾರದು ಅಂತ ನೀನ ಕಪ್ಪು ಆರಸಬ್ಯಾಡ, ಬಿಸಲಾಗ ಸುಡತೈತಿ. ಅಕ್ಟೋಬರ್ ಚಾಟ್ನಿ ಚಾಲೂ ಆಗೂಕ್ಕಿಂತ ಮೊದಲ ನಾಕ ಅಂಗಿ ಹೊಲದು ಅಂಗಡಿ ಬಾಗಲದಾಗ ತೂಗಹಾಕು. ಅರಿವಿ ತರಾಕ ವಿಜಯಪುರಕ್ಕ ಹೋಗೂ ಮುಂದ ಹೇಳು, ನಾನೂ ಬರತೇನಿ.