ತಪ್ಪಿಗೂ ಒಂದು ಲೆಕ್ಕವಿದೆ: ಇಂಗ್ಲಿಷ್ ಬೋಧನೆಯ ಎಂ.ಎ. ಬಗ್ಗೆ

ದ್ವಿತೀಯ ಪಿಯುಸಿ ಮುಗಿಸುವ ಕಾಮರ್ಸ್ ವಿದ್ಯಾರ್ಥಿಗಳ ಮುಂದೆ ಬಿ.ಕಾಂ., ಬಿಬಿಎ, ಸಿ.ಎ. ಎಂಬ ದಾರಿಗಳು ಸಾಲಾಗಿ ನಿಂತಿರುತ್ತವೆ. ಆ ಸಾಲಿನಲ್ಲಿ ಸಾಮಾನ್ಯವಾಗಿ ಕಾಣದ ಒಂದು ದಾರಿಯನ್ನು ಇಲ್ಲಿ ಪರಿಚಯಿಸುತ್ತೇನೆ. ವಿಷಯದ ಹೆಸರು ಅಪ್ಲೈಡ್ ಲಿಂಗ್ವಿಸ್ಟಿಕ್ಸ್. ಕನ್ನಡದಲ್ಲಿ ಅನ್ವಯಿಕ ಭಾಷಾವಿಜ್ಞಾನ. ಇದನ್ನು ಇಂಗ್ಲಿಷ್ ಬೋಧನೆಯ ಜೊತೆ ಸೇರಿಸಿ ಪದವಿಯ ನಂತರ ಎಂ.ಎ.ಯಾಗಿ ಓದಬಹುದು. ಬಿ.ಕಾಂ. ಮುಗಿಸಿ ಇದನ್ನೇ ಓದಬೇಕು ಎಂಬುದು ನನ್ನ ಆಸೆ. "ಕಾಮರ್ಸ್ ಓದಿದವರಿಗೆ ಭಾಷೆಯ ಎಂ.ಎ. ಯಾಕೆ?" ಎಂದು ಅಬ್ಬಾ ಕೇಳಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರವೇ ಈ ಲೇಖನ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಇದು ಇಂಗ್ಲಿಷ್ ಸಾಹಿತ್ಯದ ಎಂ.ಎ. ಅಲ್ಲ. ಅಲ್ಲಿ ಕಾವ್ಯ, ನಾಟಕ, ಕಾದಂಬರಿ ಮುಖ್ಯ. ಇಲ್ಲಿ ಮನುಷ್ಯ ಎರಡನೆಯ ಭಾಷೆಯನ್ನು ಹೇಗೆ ಕಲಿಯುತ್ತಾನೆ, ಅದನ್ನು ಹೇಗೆ ಕಲಿಸಬೇಕು ಎಂಬುದು ಮುಖ್ಯ. ಧ್ವನಿವಿಜ್ಞಾನ, ವ್ಯಾಕರಣ, ಎರಡನೆಯ ಭಾಷೆಯ ಕಲಿಕೆ, ಸಮಾಜ ಮತ್ತು ಭಾಷೆಯ ಸಂಬಂಧ, ಪಠ್ಯಪುಸ್ತಕ ರಚನೆ, ಪ್ರಶ್ನೆಪತ್ರಿಕೆ ತಯಾರಿಕೆ, ಇವು ಇಂಥ ಕೋರ್ಸಿನಲ್ಲಿ ಬರುವ ವಿಷಯಗಳು.

ಈ ವಿಷಯದ ಒಳಹೊಗಲು ಕಾಮರ್ಸಿನವರಿಗೆ ಒಂದು ಸುಲಭ ಬಾಗಿಲಿದೆ. ಅಕೌಂಟೆನ್ಸಿಯಲ್ಲಿ 'ರೆಕ್ಟಿಫಿಕೇಶನ್ ಆಫ್ ಎರರ್ಸ್' ಅಧ್ಯಾಯವನ್ನು ನಾವೆಲ್ಲ ಓದಿದ್ದೇವೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಗುಮಾಸ್ತನನ್ನು ಬೈದು ಪ್ರಯೋಜನವಿಲ್ಲ. ಬರೆಯುವುದು ಬಿಟ್ಟುಹೋಯಿತೇ, ಕೂಡಿಸುವಾಗ ಕೈತಪ್ಪಿತೇ ಎಂದು ಹುಡುಕಬೇಕು. ಇನ್ನೊಂದು ಬಗೆಯೂ ಇದೆ. ಅಂಗಡಿಗೆ ಬೇಕೆಂದು ಕೊಂಡ ಮೇಜು ಕುರ್ಚಿಯನ್ನು ಪರ್ಚೇಸಸ್ ಖಾತೆಗೆ ಬರೆದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ, ಆದರೂ ತತ್ತ್ವವೇ ತಪ್ಪಾಗಿರುತ್ತದೆ. ಯಾವ ಬಗೆಯ ತಪ್ಪು ಎಂದು ಗೊತ್ತಾದರೆ ಮಾತ್ರ ತಿದ್ದಲು ಬರುತ್ತದೆ.

ಎಡಿನ್‌ಬರೋ ವಿಶ್ವವಿದ್ಯಾಲಯದ ಪಿಟ್ ಕಾರ್ಡರ್ 1967ರಲ್ಲಿ ಒಂದು ಪ್ರಬಂಧ ಬರೆದು ಭಾಷೆಯ ತಪ್ಪುಗಳನ್ನೂ ಹೀಗೆಯೇ ನೋಡಬೇಕೆಂದರು. ಅವರು 'ಮಿಸ್ಟೇಕ್' ಮತ್ತು 'ಎರರ್' ಎಂಬ ಎರಡು ಪದಗಳನ್ನು ಬೇರೆಮಾಡಿದರು. ಗೊತ್ತಿದ್ದೂ ಆತುರದಲ್ಲಿ ನಾಲಿಗೆ ಜಾರುವುದು ಮಿಸ್ಟೇಕ್. ಕಲಿಯುವವರು ತಮ್ಮ ಮನಸ್ಸಿನಲ್ಲಿರುವ ಒಂದು ನಿಯಮದ ಪ್ರಕಾರ ಮತ್ತೆ ಮತ್ತೆ ಮಾಡುವುದು ಎರರ್. ಎರರ್ ಎಂದರೆ ಕಲಿಕೆ ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುವ ಸಾಕ್ಷಿ. ಮುಂದೆ 1972ರಲ್ಲಿ ಲ್ಯಾರಿ ಸೆಲಿಂಕರ್ ಎಂಬ ವಿದ್ವಾಂಸರು, ಕಲಿಯುವವರ ಭಾಷೆಗೆ ತನ್ನದೇ ಕಟ್ಟುಪಾಡು ಇರುತ್ತದೆ ಎಂದು ವಿವರಿಸಿದರು. ಅದನ್ನು ಇಂಟರ್‌ಲ್ಯಾಂಗ್ವೇಜ್, ಅಂದರೆ ನಡುವಿನ ಭಾಷೆ ಎಂದು ಕರೆದರು.

ಉದಾಹರಣೆಗೆ, ಒಬ್ಬ ಹುಡುಗ 'ಶೀ ಟೀಚ್ಡ್ ಅಸ್' ಎನ್ನುತ್ತಾನೆ. ಸರಿಯಾದ ರೂಪ 'ಟಾಟ್'. ಆದರೆ 'ಪ್ಲೇ' 'ಪ್ಲೇಡ್' ಆಗುವ ನಿಯಮ ಅವನಿಗೆ ಬಂದಿದೆ ಎಂದೂ ಇದು ಹೇಳುತ್ತದೆ. ಮನೆಯಲ್ಲಿ ಇಂಗ್ಲಿಷೇ ಆಡುವ ಚಿಕ್ಕ ಮಕ್ಕಳೂ ಹೀಗೆಯೇ ಹೇಳುವುದುಂಟು. ಇನ್ನೊಬ್ಬರು 'ದ' ಎಂಬ ಪದವನ್ನು ಬಿಟ್ಟು ಬರೆಯುತ್ತಾರೆ. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಅದಕ್ಕೆ ಸಮನಾದ ಪದವಿಲ್ಲ. 'ಡಿಸ್ಕಸ್ ಅಬೌಟ್' ಎನ್ನುವವರ ಹಿಂದೆ ಎರಡು ಕಾರಣ ಇರಬಹುದು: ನಮ್ಮ 'ಬಗ್ಗೆ' ಅಥವಾ 'ಕೆ ಬಾರೇ ಮೇಂ' ಎಂಬ ಮಾತು, ಇಲ್ಲವೇ ಇಂಗ್ಲಿಷಿನದೇ ಆದ 'ಟಾಕ್ ಅಬೌಟ್'. ಕಾರಣ ಬೇರೆಯಾದರೆ ತಿದ್ದುವ ಪಾಠವೂ ಬೇರೆಯಾಗಬೇಕು. ಕೆಂಪು ಶಾಯಿಯ ಒಂದೇ ಗೆರೆ ಈ ಮೂರಕ್ಕೂ ಸಾಲದು.

ಇನ್ನು ನಮ್ಮ ಮನೆಮಾತಿನ ವಿಷಯ. ನಮ್ಮಲ್ಲಿ ಹಲವರು ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡುವವರು. ಇದರಿಂದಲೇ ನಮಗೆ ಯಾವ ಭಾಷೆಯೂ ಸರಿಯಾಗಿ ಬರುವುದಿಲ್ಲ ಎಂಬ ಮಾತನ್ನು ಕೇಳುತ್ತಲೇ ಇರುತ್ತೇವೆ. ಭಾಷಾವಿಜ್ಞಾನ ಹಾಗೆ ಹೇಳುವುದಿಲ್ಲ. 'ನಾಳೆ ಬರ್ತೀನಿ ಅಂತ ಹೇಳಿದ' ಎಂಬ ಕನ್ನಡ ವಾಕ್ಯವನ್ನು ದಖ್ಖನಿಯಲ್ಲಿ 'ಕಲ್ ಆತೂಂ ಬೋಲ್ಕೆ ಬೋಲ್ಯಾ' ಎನ್ನುತ್ತೇವೆ. 'ಅಂತ' ಇರುವ ಜಾಗದಲ್ಲೇ 'ಬೋಲ್ಕೆ' ಕೂತಿದೆ. ಪುಸ್ತಕದ ಉರ್ದುವಿನಲ್ಲಿ 'ಉಸ್ನೇ ಕಹಾ ಕೆ' ಎಂಬುದು ಮೊದಲು ಬಂದು, ಹೇಳಿದ ಮಾತು ಆಮೇಲೆ ಬರುತ್ತದೆ. ಅಂದರೆ ದಖ್ಖನಿಯು ದಕ್ಷಿಣದ ಭಾಷೆಗಳ ನೆರೆಯಲ್ಲಿ ಬೆಳೆದು ವಾಕ್ಯದ ಜೋಡಣೆಯನ್ನೇ ಹೊಂದಿಸಿಕೊಂಡಿದೆ.

ಕರ್ನಾಟಕದ ಗಡಿಗೆ ಹತ್ತಿರ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪ್ವಾಡ ಎಂಬ ಊರಿದೆ. ಅಲ್ಲಿನ ಕನ್ನಡ, ಮರಾಠಿ, ಉರ್ದು ಮಾತುಗಳನ್ನು ಅಧ್ಯಯನ ಮಾಡಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಪ್ರಸಿದ್ಧ. ಪದಗಳು ಬೇರೆ ಬೇರೆ ಇದ್ದರೂ ಆ ಊರಿನಲ್ಲಿ ಈ ಭಾಷೆಗಳ ವಾಕ್ಯರಚನೆ ಬಹಳ ಹತ್ತಿರ ಬಂದಿದೆ ಎಂದು ಅವರು ತೋರಿಸಿದರು. ನಮ್ಮ ಅಡುಗೆಮನೆಯ ಮಾತು ವಿಶ್ವವಿದ್ಯಾಲಯದಲ್ಲಿ ಪಾಠವಾಗುತ್ತದೆ ಎಂದು ತಿಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಬೋಧನೆಯ ವಿಷಯದಲ್ಲಿಯೂ ನಮ್ಮ ರಾಜ್ಯಕ್ಕೆ ಒಂದು ಹೆಸರಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಜಗತ್ತು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತದೆ. ವ್ಯಾಕರಣದ ನಿಯಮ ಬಾಯಿಪಾಠ ಮಾಡಿಸುವ ಬದಲು ಮಕ್ಕಳಿಗೆ ಬಿಡಿಸಲು ಕೆಲಸ ಕೊಡುವುದು ಅದರ ರೀತಿ. ರೈಲಿನ ವೇಳಾಪಟ್ಟಿ ಕೊಟ್ಟು, ಇಷ್ಟು ಗಂಟೆಗೆ ಊರು ಸೇರಲು ಯಾವ ರೈಲು ಹತ್ತಬೇಕು ಎಂದು ಇಂಗ್ಲಿಷಿನಲ್ಲಿ ಕೇಳುವಂಥ ಕೆಲಸ. ಅರ್ಥದ ಕಡೆ ಗಮನವಿದ್ದಾಗ ಭಾಷೆ ತಾನಾಗಿ ಮನಸ್ಸಿನಲ್ಲಿ ಬೆಳೆಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಈ ಅನುಭವವನ್ನು ಅವರು 1987ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಮಗೂ ಇನ್‌ವಾಯ್ಸ್, ಚೆಕ್, ಪಾಸ್‌ಬುಕ್ ಕೊಟ್ಟು ಇಂಥ ಪಾಠ ಮಾಡಬಹುದಲ್ಲವೇ?

ಎಲ್ಲಿ ಓದಬಹುದು? ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಈ ಕ್ಷೇತ್ರದಲ್ಲಿ ಹೆಸರಾದದ್ದು. 1958ರಲ್ಲಿ ಸಂಸ್ಥೆಯಾಗಿ ಆರಂಭವಾಗಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅದೇ ನಗರದ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನದ ಕೇಂದ್ರವಿದೆ. ಪ್ರವೇಶದ ಅರ್ಹತೆ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಬಿ.ಕಾಂ. ಸೇರುವ ಮೊದಲೇ ಆಯಾ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್ ನೋಡಿಕೊಳ್ಳುವುದು ಒಳ್ಳೆಯದು.

ಕೆಲಸದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಎಂ.ಎ.ಯಲ್ಲಿ ಶೇ. 55 ಅಂಕದ ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಹೈಸ್ಕೂಲಿಗೆ ಬಿ.ಎಡ್. ಬೇಕು, ಅದರ ಜಾಗವನ್ನು ಈ ಎಂ.ಎ. ತುಂಬುವುದಿಲ್ಲ. ಪಠ್ಯಪುಸ್ತಕ, ನಿಘಂಟು, ಅನುವಾದ, ಕಂಪ್ಯೂಟರ್‌ಗೆ ಭಾಷೆ ಕಲಿಸುವ ಕೆಲಸ, ಇವೂ ಇವೆ. ಸಿ.ಎ. ಆದವರಷ್ಟು ಬೇಗ ಸಂಪಾದನೆ ಆಗದಿರಬಹುದು. ಅಬ್ಬಾ ಅವರ ಚಿಂತೆಯೂ ಅದೇ. ಅದು ಸುಳ್ಳು ಚಿಂತೆಯಲ್ಲ.

ಆದರೂ ನನಗೆ ಈ ದಾರಿ ಬೇಕು. ನಮ್ಮ ತರಗತಿಯಲ್ಲಿ ಉರ್ದು ಮಾಧ್ಯಮ, ಕನ್ನಡ ಮಾಧ್ಯಮದಿಂದ ಬಂದ ಗೆಳತಿಯರಿದ್ದಾರೆ. ಜರ್ನಲ್ ಎಂಟ್ರಿ ಅವರಿಗೆ ಚೆನ್ನಾಗಿ ಗೊತ್ತು. ಉತ್ತರ ಹೇಳಲು ಮಾತ್ರ ಏಳುವುದಿಲ್ಲ. ಇಂಗ್ಲಿಷ್ ತಪ್ಪಾದೀತೆಂಬ ಹೆದರಿಕೆ. ಅವರ ತಪ್ಪನ್ನು ಓದಲು ಬರುವ ಒಬ್ಬ ಟೀಚರ್ ಸಿಕ್ಕರೆ ಆ ಹೆದರಿಕೆ ಕಡಿಮೆಯಾಗುತ್ತದೆ. ಅಂಥ ಟೀಚರ್ ಆಗುವುದನ್ನು ಕಲಿಸುವ ಪದವಿ ಇದು, ಅಬ್ಬಾ.

ಓದುಗರಿಗೆ ಒಂದು ಅಭ್ಯಾಸ: ಒಂದು ವಾರ, ನಿಮ್ಮ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ತಿದ್ದಿಸಿಕೊಂಡ ಜಾಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎದುರಿಗೆ ಮೂರು ಅಂಕಣ ಹಾಕಿ: ಕೈತಪ್ಪು, ಮನೆಮಾತಿನಿಂದ ಬಂದದ್ದು, ಇಂಗ್ಲಿಷಿನ ನಿಯಮವನ್ನೇ ಹೆಚ್ಚು ಎಳೆದದ್ದು. ಯಾವ ಅಂಕಣ ಉದ್ದವಾಗುತ್ತದೋ ಅಲ್ಲಿಂದ ತಿದ್ದಲು ಶುರುಮಾಡಿ.