ಆಮದಾರರನ್ನು ಗಟಾರದಿಂದ ಅಳೆಯಬೇಡಿ

ಮುಂಬಯಿ ಬಳಿಯ ಠಾಕುರ್ಲಿಯ ಕನ್ನಡದ ಮನೆಗಳಲ್ಲಿ ಬೆಂಗಳೂರಿನ ವಿಧಾನಸೌಧದ ಸುದ್ದಿ ಬಾಯಿಪಾಠ. ಯಾರು ಮುನಿಸಿಕೊಂಡರು, ಯಾರ ಖಾತೆ ಬದಲಾಯಿತು, ಎಲ್ಲ ಗೊತ್ತು. ಆದರೆ ನಾವು ಮತ ಹಾಕಿ ಕಳಿಸುವುದು ನರಿಮನ್ ಪಾಯಿಂಟಿನ ವಿಧಾನ ಭವನಕ್ಕೆ. ಅಲ್ಲಿ ನಮ್ಮ ಆಮದಾರರು, ಅಂದರೆ ಶಾಸಕರು, ಏನು ಕೇಳಿದರು ಎಂದು ವಿಚಾರಿಸಿದರೆ, 'ಗಟಾರ ಮಾಡಿಸಿದರು, ಲೈಟು ಹಾಕಿಸಿದರು' ಎಂಬ ಉತ್ತರ ಬರುತ್ತದೆ.

ತಪ್ಪು ಪೂರ್ತಿ ಮತದಾರರದಲ್ಲ. ಠಾಕುರ್ಲಿ ಸೇರಿದ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ರ ನವೆಂಬರಿನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಐದು ವರ್ಷಕ್ಕೂ ಮಿಕ್ಕಿ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯೇ ಎಲ್ಲ. ಚರಂಡಿಯ ದೂರೂ ಆಮದಾರರ ಬಾಗಿಲಿಗೇ ಹೋಯಿತು.

ಆಮದಾರರ ಮೂಲ ಕೆಲಸ ಬೇರೆ: ಕಾನೂನು ಮಾಡುವುದು, ಬಜೆಟ್ಟನ್ನು ಪರೀಕ್ಷಿಸಿ ಒಪ್ಪುವುದು, ಸರ್ಕಾರದಿಂದ ಉತ್ತರ ಪಡೆಯುವುದು. 2015ರ ಜುಲೈನಲ್ಲಿ ಠಾಕುರ್ಲಿಯ ಮಾತೃಕೃಪಾ ಕಟ್ಟಡ ಕುಸಿದು 9 ಮಂದಿ ಸತ್ತರು. ಅಪಾಯದ ಕಟ್ಟಡಕ್ಕೆ ನೋಟಿಸು ಕೊಟ್ಟು ಖಾಲಿ ಮಾಡಿಸುವ ಹೊಣೆ ಪಾಲಿಕೆಯದು. ಖಾಲಿ ಮಾಡಿದವರು ಎಲ್ಲಿಗೆ ಹೋಗಬೇಕು, ಹಳೆಯ ಕಟ್ಟಡದ ಜಾಗದಲ್ಲಿ ಹೊಸದು ಕಟ್ಟಲು ಎಷ್ಟು ಎಫ್‌ಎಸ್‌ಐ (ಜಾಗಕ್ಕೆ ತಕ್ಕ ನಿರ್ಮಾಣದ ಮಿತಿ), ಹಲವು ಕಟ್ಟಡಗಳನ್ನು ಒಟ್ಟಿಗೆ ಮರುಕಟ್ಟುವ ಕ್ಲಸ್ಟರ್ ಯೋಜನೆಯ ನಿಯಮವೇನು ಎಂಬುದನ್ನು ತೀರ್ಮಾನಿಸುವುದು ರಾಜ್ಯದ ನಗರಾಭಿವೃದ್ಧಿ ಇಲಾಖೆ. ಮೊದಲನೆಯದನ್ನು ನಗರಸೇವಕರಿಗೆ ಕೇಳಿ, ಎರಡನೆಯದನ್ನು ಆಮದಾರರಿಗೆ. ಈ ಗೆರೆ ಗೊತ್ತಿಲ್ಲದೆ ಯಾರ ಕೆಲಸಕ್ಕೂ ಅಂಕ ಕೊಡಲಾಗದು.

ಅಂಕ ಕೊಡುವವರು ಇಲ್ಲವೆಂದಲ್ಲ. 1997ರಲ್ಲಿ ಶುರುವಾದ ಪ್ರಜಾ ಫೌಂಡೇಶನ್ ಮುಂಬಯಿ ಶಾಸಕರ ಹಾಜರಾತಿ, ಪ್ರಶ್ನೆಗಳ ಸಂಖ್ಯೆ ಮತ್ತು ಗುಣಮಟ್ಟ ನೋಡಿ ಅಂಕಪಟ್ಟಿ ಹೊರಡಿಸುತ್ತದೆ. ಅದು ಮುಂಬಯಿಯ ಅಂಚಿನ ಮುಲುಂಡಿನಲ್ಲೇ ನಿಂತುಬಿಡುತ್ತದೆ. ನಮ್ಮ ಕಡೆಗೆ ಲೋಕಲ್ ಬಂದರೂ ಅಂಕಪಟ್ಟಿ ಬರುವುದಿಲ್ಲ. ರಾಜ್ಯ ಶಾಸನಸಭೆಗಳು ಎಷ್ಟು ದಿನ ಸೇರಿದವು, ಎಷ್ಟು ಮಸೂದೆ ಪಾಸಾದವು ಎಂಬ ಲೆಕ್ಕವನ್ನು ಪಿಆರ್‌ಎಸ್ ಸಂಸ್ಥೆ ಇಡುತ್ತದೆ. ಅಭ್ಯರ್ಥಿಗಳ ಆಸ್ತಿ, ಮೊಕದ್ದಮೆಗಳ ಪ್ರಮಾಣಪತ್ರ ಎಡಿಆರ್ ಸಂಸ್ಥೆಯ 'ಮೈನೇತಾ' ಜಾಲತಾಣದಲ್ಲಿದೆ. ಇನ್ನು ಸಿಎಜಿ ವರದಿ: ಸಂವಿಧಾನದ 151(2)ನೇ ವಿಧಿಯಂತೆ ಅದು ರಾಜ್ಯಪಾಲರ ಮೂಲಕ ಸದನದ ಮುಂದೆ ಬರಬೇಕು. ಎಷ್ಟು ದಿನದೊಳಗೆ ಎಂದು ಆ ವಿಧಿ ಹೇಳಿಲ್ಲ. ಸರ್ಕಾರಕ್ಕೆ ಮುಜುಗರ ತರುವ ವರದಿಯ ಮಟ್ಟಿಗೆ ಇದು ಬಲು ಅನುಕೂಲದ ಮೌನ. ಸದನಕ್ಕೆ ಬಂದ ಮೇಲೆ ಸಿಎಜಿ ಜಾಲತಾಣದಲ್ಲಿ ಯಾರಾದರೂ ಓದಬಹುದು.

ಉಳಿದದ್ದನ್ನು ನಾವೇ ಕೇಳಿ ಪಡೆಯಬೇಕು. ಮೊದಲು ಮತದಾರರ ಚೀಟಿ ನೋಡಿ: ಈ ಭಾಗದಲ್ಲಿ ಡೊಂಬಿವಲಿ (143), ಕಲ್ಯಾಣ ಪೂರ್ವ (142), ಕಲ್ಯಾಣ ಗ್ರಾಮೀಣ (144) ಕ್ಷೇತ್ರಗಳು ಒತ್ತೊತ್ತಾಗಿವೆ. ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ. ಆಮದಾರರ ನಿಧಿ ಯಾವ ಕೆಲಸಕ್ಕೆ ಹೋಯಿತು ಎಂಬುದಕ್ಕೆ ಥಾಣೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಿಯೋಜನ ವಿಭಾಗ, ಸದನದ ಪ್ರಶ್ನೋತ್ತರಕ್ಕೆ ವಿಧಾನಮಂಡಲ ಸಚಿವಾಲಯ, ಕಟ್ಟಡದ ನೋಟಿಸಿಗೆ ಪಾಲಿಕೆ. ಅರ್ಜಿ ಕನ್ನಡದಲ್ಲಿ ನಡೆಯದು. ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಆಗಬೇಕು. ಮರಾಠಿ ಕಲಿತ ಮಕ್ಕಳಿಂದ ಬರೆಸಿ, ಅವರಿಗೂ ಪಾಠವಾಗುತ್ತದೆ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಹಚ್ಚಿದರೆ ಸಾಕು, ಬಿಪಿಎಲ್ ಕುಟುಂಬಕ್ಕೆ ಅದೂ ಬೇಡ. 'ಯಾಕೆ ಮಾಡಲಿಲ್ಲ' ಎಂದು ಜಗಳ ತೆಗೆಯಬೇಡಿ, ದಾಖಲೆಯ ನಕಲು ಕೇಳಿ. ಕಾರಣ ಹೇಳಬೇಕಾಗಿಲ್ಲ.

ಉತ್ತರಕ್ಕೆ 30 ದಿನ. ಬಾರದಿದ್ದರೆ, ಇಲ್ಲವೇ ಬಂದದ್ದು ಅರೆಬರೆಯಾಗಿದ್ದರೆ, ಮತ್ತೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಥಾಣೆ ಜಿಲ್ಲೆಯ ಕಚೇರಿಗಳ ವಿಷಯಕ್ಕೆ ಅದರ ಕೊಂಕಣ ಪೀಠ ಬೇಲಾಪುರದ ಕೊಂಕಣ ಭವನದಲ್ಲಿದೆ. ಥಾಣೆಯಲ್ಲಿ ಗಾಡಿ ಬದಲಿಸಿದರಾಯಿತು. ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು.

ಪ್ರಶ್ನೆಗಳನ್ನು ಎಣಿಸುವಾಗ ಒಂದು ಎಚ್ಚರ ಬೇಕು. ಡೊಂಬಿವಲಿಯ ರವೀಂದ್ರ ಚವ್ಹಾಣ್ 2022ರಿಂದ 2024ರವರೆಗೆ ಲೋಕೋಪಯೋಗಿ ಸಚಿವರಾಗಿದ್ದರು. ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಆ ಅವಧಿಯ ಸೊನ್ನೆಗೆ ಅರ್ಥವಿಲ್ಲ. ಅವರ ಇಲಾಖೆಯ ಕೆಲಸ ನೋಡಬೇಕು. ಪಕ್ಷದ ವಿಪ್ ಇದ್ದಾಗ ಹಾಕಿದ ಮತವನ್ನೂ ಆಮದಾರರ ಸ್ವಂತ ನಿಲುವೆಂದು ಎಣಿಸಬಾರದು; ವಿಪ್ ಮೀರಿದರೆ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನಕ್ಕೇ ಕುತ್ತು ಬರಬಹುದು.

ಸದನದಲ್ಲಿ ಸಚಿವರು 'ಮಾಡುತ್ತೇವೆ' ಎಂದರೆ ಆ ಮಾತಿನ ಬೆನ್ನು ಹತ್ತಲು ಆಶ್ವಾಸನ ಸಮಿತಿಯಿದೆ. ಆದ್ದರಿಂದ ಸಚಿವರ ಬಾಯಿಂದ ಉತ್ತರ ಹೊರಡಿಸುವುದೇ ದೊಡ್ಡ ಕೆಲಸ. ತಾರಾಂಕಿತ ಪ್ರಶ್ನೆಯನ್ನು ಅಧಿವೇಶನಕ್ಕೆ ವಾರಗಳ ಮುಂಚೆಯೇ ಸಲ್ಲಿಸಬೇಕಾಗುತ್ತದೆ. ನಾಗಪುರದ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಹಳೆಯ ಕಟ್ಟಡದ ಸೊಸೈಟಿಯವರು ನೋಟಿಸಿನ ನಕಲು, ಪಾಲಿಕೆಯ ಉತ್ತರ, ಕೇಳಬೇಕಾದ ಪ್ರಶ್ನೆಯ ಒಂದು ಪುಟದ ಕರಡು ಜೋಡಿಸಿ ದೀಪಾವಳಿಯ ಹೊತ್ತಿಗೇ ಆಮದಾರರ ಕಚೇರಿಗೆ ಕೊಟ್ಟು, ತಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲಿ.